ಮಗನ ಬಾಯಲ್ಲಿ ಆ ಮಾತು ಎಲ್ಲಿಂದ ಬಂತು?

ಹಾವೇರಿ ಜಿಲ್ಲೆಯ ಓದುಗರೊಬ್ಬರು ಬರೆದ ಪತ್ರದ ಸಾರ ಇದು:

‘ಮಗ ಎಸ್ಸೆಸ್ಸೆಲ್ಸಿ. ಗಂಡನೊಬ್ಬ ಹೆಂಡತಿಗೆ ಹೊಡೆದ ಸುದ್ದಿ ಟಿ.ವಿ.ಯಲ್ಲಿ ಬರುತ್ತಿತ್ತು. “ಎದುರು ಮಾತಾಡಿದ್ರೆ ಬಿಡ್ತಾನಾ? ಒಂದೇಟು ಬಿದ್ರೇನೇ ಸರಿಹೋಗೋದು” ಅಂದುಬಿಟ್ಟ. ಅದೇ ವಾರ, ಕಾಲ ಸರಿಯಿಲ್ಲ ಅಂತ ತಂಗಿಯನ್ನು ಸಂಜೆಯ ಟ್ಯೂಷನ್‌ಗೆ ಹೋಗದಂತೆ ತಡೆದ. ನಾವೂ ಹೌದಲ್ವಾ ಅಂತ ಬಿಡಿಸಿದೆವು. ನಮ್ಮ ಮನೆಯಲ್ಲಿ ಯಾರೂ ಕೈ ಎತ್ತಿದವರಲ್ಲ. ಇವನಿಗೆ ಇದು ಎಲ್ಲಿಂದ ಬಂತು? ಮೊಬೈಲ್ ಕಿತ್ತಿಟ್ಟಿದ್ದೇನೆ. ಈಗ ಊಟಕ್ಕೂ ಕೋಣೆಯಿಂದ ಹೊರಗೆ ಬರುತ್ತಿಲ್ಲ.’

ಅಕ್ಕ,

ಎಲ್ಲಿಂದ ಬಂತು ಅಂತ ದೂರ ಹುಡುಕಬೇಕಾಗಿಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯವರು ಏಳು ಸಂದರ್ಭ ಹೇಳಿ, ಆಗ ಗಂಡ ಹೆಂಡತಿಗೆ ಹೊಡೆಯುವುದು ಸರಿಯಾ ಅಂತ ಕೇಳಿದ್ದರು. ಹೇಳದೆ ಹೊರಗೆ ಹೋದರೆ, ಅಡುಗೆ ಸರಿಯಾಗಿ ಮಾಡದಿದ್ದರೆ, ವಾದ ಮಾಡಿದರೆ, ಅತ್ತೆ ಮಾವನಿಗೆ ಮರ್ಯಾದೆ ಕೊಡದಿದ್ದರೆ, ಹೀಗೆ. ಇವುಗಳಲ್ಲಿ ಒಂದಕ್ಕಾದರೂ ಹೌದು ಅಂದವರು ನಮ್ಮ ಕರ್ನಾಟಕದಲ್ಲಿ ಹೆಂಗಸರಲ್ಲಿ ನೂರಕ್ಕೆ 77, ಗಂಡಸರಲ್ಲಿ ನೂರಕ್ಕೆ 82. ಉತ್ತರ ಕೊಟ್ಟವರಲ್ಲಿ 15 ವರ್ಷದ ಮಕ್ಕಳೂ ಇದ್ದರು. ನಿಮ್ಮ ಮಗ ಹೇಳಿದ್ದು ಊರೆಲ್ಲ ಆಡುವ ಮಾತು. ನಿಮ್ಮ ಮನೆಯಲ್ಲಿ ಯಾರೂ ಹೊಡೆದಿಲ್ಲ, ಸರಿ. ಆದರೆ ಹೊಡೆಯುವುದು ತಪ್ಪು ಅಂತ ಯಾರಾದರೂ ಅವನ ಮುಂದೆ ಬಾಯಿಬಿಟ್ಟು ಹೇಳಿದ್ದಾರಾ? ಹೇಳದೆ ಇದ್ದ ಜಾಗದಲ್ಲಿ ಬೇರೆಯವರ ಮಾತು ಬಂದು ಕೂರುತ್ತದೆ.

ನನ್ನದೇ ಒಂದು ವಿಷಯ ಹೇಳುತ್ತೇನೆ. ಒಂಬತ್ತನೇ ಕ್ಲಾಸಿನಲ್ಲಿ ಕಬಡ್ಡಿ ಆಡುವಾಗ ಬಿದ್ದು ಮೊಣಕಾಲು ತರಚಿಹೋಯಿತು. ಕಣ್ಣಲ್ಲಿ ನೀರು ಬಂತು. ಪಿ.ಟಿ. ಮೇಷ್ಟ್ರು ಎಲ್ಲರ ಮುಂದೆ, ‘ಬಳೆ ತೊಟ್ಕೊಂಡು ಬಾ ನಾಳೆ’ ಅಂದರು. ಹುಡುಗರೆಲ್ಲ ನಕ್ಕರು. ಮಾರನೇ ದಿನ ಯಾರೋ ನನ್ನ ಬೆಂಚಿನ ಮೇಲೆ ಒಡೆದ ಹಸಿರು ಬಳೆ ಇಟ್ಟಿದ್ದರು. ಆವತ್ತು ನಾನು ಕಲಿತಿದ್ದು ಎರಡು. ಹೆಣ್ಣು ಅಂದರೆ ಬೈಗುಳ. ನೋವಾದರೆ ಯಾರಿಗೂ ಹೇಳಬಾರದು. ಆ ವಾರವೇ ನನಗಿಂತ ಚಿಕ್ಕ ಹುಡುಗನೊಬ್ಬನಿಗೆ ಸುಮ್ ಸುಮ್ನೆ ಹೊಡೆದೆ.

ನನ್ನನ್ನು ಅಲ್ಲಿಂದ ಎತ್ತಿದ್ದು ಸೋದರಮಾವ. ಬೈಯಲಿಲ್ಲ, ಬುದ್ಧಿವಾದ ಹೇಳಲಿಲ್ಲ. ಸೈಕಲ್ ಪಂಕ್ಚರ್ ಹಾಕೋಣ ಬಾ ಅಂದರು. ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿಂದ ಬರುತ್ತೆ ಅಂತ ಇಬ್ಬರೂ ಬಗ್ಗಿ ನೋಡುತ್ತಿದ್ದೆವು. ಆಗ ಕೇಳಿದರು, ‘ಏನಾಯ್ತೋ?’ ಬಳೆಯ ಕಥೆ ಪೂರ್ತಿ ಹೇಳಿಬಿಟ್ಟೆ. ಮುಖ ನೋಡಿ ಕೇಳಿದ್ದರೆ ಹೇಳುತ್ತಿರಲಿಲ್ಲ. ‘ನಾನೂ ಅತ್ತಿದೀನಿ ಕಣೋ’ ಅಂದರು. ಆಮೇಲೆ, ‘ಆ ಹುಡುಗನಿಗೆ ಹೊಡೆದದ್ದು ತಪ್ಪು, ಹೋಗಿ ಹೇಳಿ ಬಾ’ ಅಂದರು.

ಮಾವ ಮಾಡಿದ ಈ ಎರಡೂ ಬೇಕು ಅಕ್ಕ. ಬರೀ ಕೇಳಿಸಿಕೊಂಡರೆ ಸಾಲದು, ಬರೀ ಬೈದರೂ ಆಗದು. ಈ ವಯಸ್ಸಿನ ಹುಡುಗರಿಗೆ ಬೆನ್ನಿಗೆ ನಿಲ್ಲುವವರು ಬೇಕೇ ಬೇಕು. ಮನೆಯಲ್ಲಿ ಸಿಗದಿದ್ದರೆ ಹೊರಗೆ ಹುಡುಕುತ್ತಾರೆ. ಹುಡುಗಿಯರ ಬಗ್ಗೆ ಕೀಳಾಗಿ ಮಾತಾಡಿದಷ್ಟೂ ಬೆನ್ನು ತಟ್ಟುವ ಗುಂಪು ಸಿಕ್ಕಿದರೆ ಅದೂ ಅವರಿಗೆ ಆಸರೆಯೇ. ಮೊಬೈಲಿನಲ್ಲಿ ಅಂಥ ಗುಂಪು ಕೈಗೇ ಸಿಗುತ್ತದೆ. ಹಾಗಂತ ಮೊಬೈಲ್ ಕಿತ್ತಿಟ್ಟು ಸುಮ್ಮನಾದರೆ ಅವನಿಗೆ ಉಳಿಯುವುದು ಆ ಕೋಣೆ, ಆ ಸಿಟ್ಟು ಅಷ್ಟೇ. ವಾಪಸ್ ಕೊಡಿ. ರಾತ್ರಿ ಎಷ್ಟು ಹೊತ್ತಿನವರೆಗೆ ಅಂತ ಕೂತು ಮಾತಾಡಿಕೊಳ್ಳಿ.

ಇದು ಬರೀ ನನ್ನ ಅನುಭವದ ಮಾತಲ್ಲ. ಮುಂಬೈಯಲ್ಲಿ ‘ಪರಿವರ್ತನ್’ ಅನ್ನುವ ಕಾರ್ಯಕ್ರಮದಲ್ಲಿ ಕ್ರಿಕೆಟ್ ಕೋಚ್‌ಗಳಿಗೇ ತರಬೇತಿ ಕೊಟ್ಟು, ಹುಡುಗಿಯರನ್ನು ಗೌರವಿಸುವ ಬಗ್ಗೆ ಅವರಿಂದಲೇ ಹುಡುಗರ ಜೊತೆ ಮಾತಾಡಿಸಿದರು. ಹುಡುಗರು ಮೆಚ್ಚುವ ದೊಡ್ಡವರ ಬಾಯಿಂದ ಬಂದ ಮಾತಿಗೆ ತೂಕ ಜಾಸ್ತಿ, ಅಲ್ವಾ? ಹರಿಯಾಣದಲ್ಲಿ ‘ಬ್ರೇಕ್‌ಥ್ರೂ’ ಸಂಸ್ಥೆಯವರು ಸರ್ಕಾರಿ ಶಾಲೆಗಳ ಏಳು, ಎಂಟನೇ ಕ್ಲಾಸಿನ ಮಕ್ಕಳ ಜೊತೆ ಗಂಡು ಹೆಣ್ಣಿನ ಸಮಾನತೆ ಬಗ್ಗೆ ಎರಡೂವರೆ ವರ್ಷ ಕೂತು ಮಾತಾಡಿದರು. 314 ಶಾಲೆಗಳನ್ನು ಹೋಲಿಸಿ ನೋಡಿದ ಅಧ್ಯಯನ 2022ರಲ್ಲಿ ಪ್ರಕಟವಾಯಿತು. ಕಾರ್ಯಕ್ರಮ ಮುಗಿದು ಎರಡು ವರ್ಷವಾದ ಮೇಲೂ ಮಕ್ಕಳ ಮನಸ್ಸಿನಲ್ಲಿ ಆದ ಬದಲಾವಣೆ ಉಳಿದಿತ್ತು. ಮನೆಗೆಲಸಕ್ಕೆ ಹೆಚ್ಚು ಕೈಹಾಕುತ್ತೇವೆ ಅಂತ ಆ ಶಾಲೆಗಳ ಹುಡುಗರೇ ಹೇಳಿದ್ದರು. ಎರಡೂವರೆ ವರ್ಷ ಅನ್ನುವುದನ್ನು ಗಮನಿಸಿ. ಒಂದು ಭಾನುವಾರದ ಬುದ್ಧಿಮಾತಿನಿಂದ ಆದದ್ದಲ್ಲ.

ಹಾಗಾಗಿ ಅವನು ಇಷ್ಟಪಡುವ ಗಂಡಸು ಯಾರು ಅಂತ ನೋಡಿ. ಅಪ್ಪ, ಚಿಕ್ಕಪ್ಪ, ಕೋಚ್, ಯಾರಾದರೂ ಸರಿ. ಅವನ ಜೊತೆ ಕೈಗೆ ಕೆಲಸ ಕೊಟ್ಟುಕೊಂಡು ಕೂರಲಿ. ‘ಒಂದೇಟು’ ಅಂದಾಗ ನಿನಗೆ ಏನು ಅನ್ನಿಸುತ್ತಿತ್ತು ಅಂತ ಕೇಳಲಿ. ‘ನಾನು ಹಾಗೆ ಮಾಡಲ್ಲ, ಯಾಕೆ ಅಂದ್ರೆ...’ ಅಂತ ತನ್ನ ಕಾರಣವನ್ನೂ ಹೇಳಲಿ. ಹುಡುಗ ಹೀಗೇ ಮುಚ್ಚಿಕೊಂಡೇ ಇದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು.

ಈಗ ತಂಗಿಯ ವಿಷಯ. ನಿಮ್ಮ ಪತ್ರದಲ್ಲಿ ಅದು ಎರಡೇ ಸಾಲು, ನನಗೆ ಜಾಸ್ತಿ ನೋವಾಗಿದ್ದು ಅಲ್ಲೇ. ಗ್ಲಿಕ್ ಮತ್ತು ಫಿಸ್ಕ್ ಎಂಬ ಮನಶ್ಶಾಸ್ತ್ರಜ್ಞರು 1996ರಲ್ಲೇ ಇದನ್ನು ಬಿಡಿಸಿ ಹೇಳಿದ್ದಾರೆ. ಹೆಣ್ಣನ್ನು ಕೀಳು ಮಾಡುವುದಕ್ಕೆ ಎರಡು ಮುಖ. ಒಂದರಲ್ಲಿ ದ್ವೇಷ ಇರುತ್ತದೆ, ಇನ್ನೊಂದರಲ್ಲಿ ಕಾಳಜಿ. ‘ಒಂದೇಟು ಹಾಕು’ ಅನ್ನುವುದು ಮೊದಲನೆಯದು. ‘ನೀನು ಹೋಗಬೇಡ, ನಾನು ಕಾಪಾಡ್ತೀನಿ’ ಅನ್ನುವುದು ಎರಡನೆಯದು. ಮೊದಲನೆಯದಕ್ಕೆ ನೀವು ಗಾಬರಿಯಾದಿರಿ, ಎರಡನೆಯದನ್ನು ಒಪ್ಪಿಕೊಂಡಿರಿ. ಹದಿನೈದರ ಹುಡುಗ ತಂಗಿಯ ಓದು ನಿಲ್ಲಿಸಬಹುದು ಅಂತ ಅವನಿಗೆ ಹೇಳಿಕೊಟ್ಟಂತಾಯಿತು.

ದಾರಿಯಲ್ಲಿ ಕತ್ತಲಿದೆಯಾ? ಟ್ಯೂಷನ್ ಮೇಡಂ ಹತ್ತಿರ ಮಾತಾಡಿ ಒಂದು ಗಂಟೆ ಮುಂಚೆ ಇಡಿಸಿ. ಆ ಬೀದಿಯ ಇನ್ನಿಬ್ಬರು ಹುಡುಗಿಯರ ಜೊತೆ ಕಳಿಸಿ. ಅವಳಿಗೆ ಏನು ಬೇಕು ಅಂತ ಅವಳನ್ನೇ ಕೇಳಿ, ಮಗನೂ ಅಲ್ಲೇ ಕೂತಿರಲಿ. ಈ ಸೋಮವಾರದಿಂದಲೇ ಮಗಳು ಟ್ಯೂಷನ್‌ಗೆ ಹೋಗಲಿ.

– ಸಂಪಾದಕ