ಕೋಣೆ ಖಾಲಿ ಮಾಡುವ ಹೊತ್ತಿನ ಲೆಕ್ಕ

ಪ್ರಶ್ನೆ: ನಮ್ಮ ಮನೆಯ ಮಹಡಿಯನ್ನು ಮೂವರು ಎಂಜಿನಿಯರಿಂಗ್ ವಿದ್ಯಾರ್ಥಿಗಳಿಗೆ ಬಾಡಿಗೆಗೆ ಕೊಟ್ಟಿದ್ದೇವೆ. ಕೊನೆಯ ಸೆಮಿಸ್ಟರ್ ಮುಗಿಸಿ ಈ ತಿಂಗಳಾಂತ್ಯಕ್ಕೆ ಅವರು ಹೊರಡುತ್ತಿದ್ದಾರೆ. ಗೋಡೆಯ ಬಣ್ಣ ಮಾಸಿದೆ, ಅಲ್ಲಲ್ಲಿ ಮೊಳೆಯ ತೂತುಗಳಿವೆ, ಬಚ್ಚಲಿನ ನಲ್ಲಿಯೊಂದು ಮುರಿದಿದೆ. ಇಡೀ ಮಹಡಿಗೆ ಬಣ್ಣ ಹೊಡೆಸುವ ಖರ್ಚನ್ನು ಅಡ್ವಾನ್ಸ್‌ನಲ್ಲಿ ಮುರಿದುಕೊಳ್ಳಬಹುದೇ? ಹುಡುಗರು ಒಳ್ಳೆಯವರು, ಮನಸ್ತಾಪ ನಮಗೆ ಬೇಡ.
– ಗೃಹಿಣಿ, ವಿದ್ಯಾನಗರ, ದಾವಣಗೆರೆ

ಉತ್ತರ: ನಲ್ಲಿಯ ಖರ್ಚನ್ನು ಮುರಿದುಕೊಳ್ಳಿ, ಬಣ್ಣದ ಖರ್ಚನ್ನು ಬಿಟ್ಟುಬಿಡಿ. 1882ರ ಆಸ್ತಿ ವರ್ಗಾವಣೆ ಕಾಯಿದೆಯ 108ನೇ ಕಲಮಿನಂತೆ ಬಾಡಿಗೆದಾರರು ಮನೆಯನ್ನು ತಾವು ಪಡೆದಾಗ ಇದ್ದಂತಹ ಒಳ್ಳೆಯ ಸ್ಥಿತಿಯಲ್ಲಿಯೇ ಹಿಂದಿರುಗಿಸಬೇಕು. ಆದರೆ ಸಹಜ ಬಳಕೆಯಿಂದ ಆಗುವ ಸವಕಳಿ ಈ ಹೊಣೆಯೊಳಗೆ ಬರುವುದಿಲ್ಲ. ನಾಲ್ಕು ವರ್ಷ ಒಂದು ಸಂಸಾರ ವಾಸವಾಗಿದ್ದರೂ ನಿಮ್ಮ ಗೋಡೆ ಇಷ್ಟೇ ಮಾಸುತ್ತಿತ್ತು. ಖಾಲಿ ಮಾಡುವಾಗ ಬಣ್ಣಕ್ಕಾಗಿ ಒಂದು ತಿಂಗಳ ಬಾಡಿಗೆ ಹಿಡಿಯಲಾಗುವುದು ಎಂದು ಕರಾರಿನಲ್ಲಿ ಮೊದಲೇ ಬರೆದು ಸಹಿ ಹಾಕಿಸಿದ್ದರೆ ಮಾತು ಬೇರೆ, ಆಗ ಆ ಕರಾರಿನಂತೆ ನಡೆಯಬಹುದು. ಬರೆಯದ ಮಾತನ್ನು ಹೊರಡುವ ದಿನ ಹೇಳುವುದು ಮಾತ್ರ ನ್ಯಾಯವಲ್ಲ.

ಇದನ್ನು ಒತ್ತಿ ಹೇಳಲು ಕಾರಣವಿದೆ. 1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು, 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಆರಂಭವಾದಂದಿನಿಂದ ಪರಊರಿನ ಮಕ್ಕಳು ಇಲ್ಲಿಗೆ ಓದಲು ಬರುತ್ತಲೇ ಇದ್ದಾರೆ. ಹತ್ತಿ ಗಿರಣಿಗಳ ಕಾಲ ಕಳೆದ ಮೇಲೆ ಈ ಮಕ್ಕಳ ಬಾಡಿಗೆ ಮತ್ತು ಊಟದ ಹಣದಿಂದಲೇ ಬದುಕು ಸಾಗಿಸುವ ಮನೆಗಳು ನಮ್ಮ ಊರಿನಲ್ಲಿ ಕಡಿಮೆಯೇನಿಲ್ಲ. ಆ ಅಡ್ವಾನ್ಸ್ ಹಣದ ಹಿಂದೆ ಎಷ್ಟೋ ಸಲ ತಂದೆಯೊಬ್ಬರು ಮೆಕ್ಕೆಜೋಳ ಮಾರಿದ ದುಡ್ಡು ಇರುತ್ತದೆ. ಅದನ್ನು ಹಿಂದಿರುಗಿಸುವಾಗ ಕೈ ಬಿಗಿ ಹಿಡಿಯಬಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಸಾಮಾನು ಕಟ್ಟುವುದಕ್ಕೆ ಮೊದಲೇ, ಹಗಲು ಬೆಳಕಿನಲ್ಲಿ, ಹುಡುಗರೊಂದಿಗೆ ಪ್ರತಿ ಕೋಣೆಯನ್ನೂ ನೋಡಿ, ಮುರಿದದ್ದನ್ನು ಚೀಟಿಯಲ್ಲಿ ಬರೆದು ಎರಡೂ ಕಡೆಯವರು ಸಹಿ ಹಾಕಿ. ನಲ್ಲಿ ಕೊಂಡ ರಸೀದಿಯನ್ನು ಅವರಿಗೆ ತೋರಿಸಿ, ಉಳಿದ ಹಣವನ್ನು ಬೀಗದ ಕೈ ಪಡೆದ ದಿನವೇ ಬ್ಯಾಂಕ್ ಖಾತೆಗೆ ಹಾಕಿ. ಬೆಸ್ಕಾಂ ಮೀಟರಿನ ರೀಡಿಂಗನ್ನೂ ಅಂದೇ ಬರೆದಿಡಿ. ಮಹಡಿಗೆ ಪ್ರತ್ಯೇಕ ಮೀಟರ್ ಇದ್ದು, ಹುಡುಗರಲ್ಲೊಬ್ಬರು ತಮ್ಮ ಆಧಾರ್ ಕೊಟ್ಟು ಗೃಹಜ್ಯೋತಿಗೆ ನೋಂದಾಯಿಸಿದ್ದರೆ, ಸೇವಾಸಿಂಧು ಜಾಲತಾಣದಲ್ಲಿ ಆ ಜೋಡಣೆಯನ್ನು ರದ್ದುಪಡಿಸಿಕೊಂಡು ಹೋಗುವಂತೆ ನೆನಪಿಸಿ. ಇಲ್ಲವಾದರೆ ಮುಂದೆ ಬರುವ ಬಾಡಿಗೆದಾರರಿಗೂ, ಬೇರೆ ಊರಿನಲ್ಲಿ ಮನೆ ಮಾಡುವ ಆ ಹುಡುಗನಿಗೂ ತೊಡಕಾಗುತ್ತದೆ.

ಪ್ರಶ್ನೆ: ನಾನು ದಾವಣಗೆರೆ ವಿಶ್ವವಿದ್ಯಾಲಯದ ಶಿವಗಂಗೋತ್ರಿ ಆವರಣದಲ್ಲಿ ಎಂ.ಎ. ಕೊನೆಯ ಸೆಮಿಸ್ಟರ್ ಪರೀಕ್ಷೆ ಬರೆದಿದ್ದೇನೆ. ಗೆಳತಿಯರೊಂದಿಗೆ ನಗರದಲ್ಲಿ ಬಾಡಿಗೆ ಕೋಣೆಯಲ್ಲಿದ್ದೇನೆ. ಫಲಿತಾಂಶ ಮತ್ತು ಅಂಕಪಟ್ಟಿ ಬರುವವರೆಗೆ ಕೋಣೆಯನ್ನು ಉಳಿಸಿಕೊಳ್ಳಬೇಕೇ?
– ವಿದ್ಯಾರ್ಥಿನಿ, ಜಗಳೂರು ತಾಲ್ಲೂಕು

ಉತ್ತರ: ಬೇಡ. ಕಾಯುವುದಕ್ಕಾಗಿ ಬಾಡಿಗೆ ಕಟ್ಟಬೇಡಿ. ಜಗಳೂರು ಇದೇ ಜಿಲ್ಲೆಯಲ್ಲಿದೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಡಿ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ನಿಮ್ಮ ಪ್ರಯಾಣವೂ ಉಚಿತ, ಆದ್ದರಿಂದ ಕಚೇರಿಯ ಕೆಲಸಕ್ಕೆ ಬೆಳಿಗ್ಗೆ ಬಂದು ಸಂಜೆ ಮರಳಬಹುದು. ಆದರೆ ಊರಿಗೆ ಹೋಗುವ ಮುನ್ನ ಗ್ರಂಥಾಲಯದ ಪುಸ್ತಕಗಳನ್ನು ಹಿಂದಿರುಗಿಸಿ ಬಾಕಿ ಇಲ್ಲವೆಂಬ ಪತ್ರವನ್ನು ಪಡೆದುಕೊಳ್ಳಿ, ಏಕೆಂದರೆ ವರ್ಗಾವಣೆ ಪತ್ರ ಕೇಳಿದಾಗ ಮೊದಲು ಹುಡುಕುವುದು ಅದನ್ನೇ. ಬೇರೆ ವಿಶ್ವವಿದ್ಯಾಲಯದಲ್ಲಿ ಬಿ.ಇಡಿ. ಅಥವಾ ಸಂಶೋಧನೆಗೆ ಸೇರುವ ಆಲೋಚನೆಯಿದ್ದರೆ ವಲಸೆ ಪ್ರಮಾಣಪತ್ರದ ಅರ್ಜಿಯನ್ನೂ ವಿಚಾರಿಸಿ. ವಿದ್ಯಾರ್ಥಿವೇತನಕ್ಕೆ ಕೊಟ್ಟಿರುವ ಮೊಬೈಲ್ ಸಂಖ್ಯೆಯನ್ನು ಬದಲಿಸಬೇಡಿ. ಮರುಮೌಲ್ಯಮಾಪನದ ಅವಧಿ ಫಲಿತಾಂಶದ ನಂತರ ಕೆಲವೇ ದಿನ ತೆರೆದಿರುವುದರಿಂದ, ಸುದ್ದಿ ತಿಳಿಸುವಂತೆ ನಗರದಲ್ಲೇ ಉಳಿಯುವ ಸಹಪಾಠಿಯೊಬ್ಬರಿಗೆ ಹೇಳಿಡಿ.

ಮನೆ ಮಾಲೀಕರಿಗೆ ಬಾಯಿಮಾತಿನಲ್ಲಿ ಹೇಳಿ ಸುಮ್ಮನಾಗಬೇಡಿ. ಬೇರೆ ಕರಾರು ಇಲ್ಲದ ತಿಂಗಳ ಬಾಡಿಗೆಗೆ ಕಾನೂನು ಹೇಳುವ ನೋಟಿಸ್ ಅವಧಿ 15 ದಿನ. ಬರವಣಿಗೆಯಲ್ಲಿ ಕೊಟ್ಟು ಅದರ ಒಂದು ಪ್ರತಿಯನ್ನು ಇಟ್ಟುಕೊಳ್ಳಿ.

ಪ್ರಶ್ನೆ: ಚಿಕ್ಕ ಖಾನಾವಳಿ ನಡೆಸುತ್ತೇನೆ. ಪರೀಕ್ಷೆ ಮುಗಿದೊಡನೆ ಕೆಲವು ಹುಡುಗರು ಉದ್ರಿ ತೀರಿಸದೆ ಊರಿಗೆ ಹೋಗುತ್ತಾರೆ. ಅವರ ತಂದೆ-ತಾಯಿಯನ್ನು ಕೇಳಬಹುದೇ?
– ಖಾನಾವಳಿ ಮಾಲೀಕರು, ದಾವಣಗೆರೆ

ಉತ್ತರ: ಮೊದಲು ಹುಡುಗನನ್ನೇ ಕೇಳಿ. 18 ತುಂಬಿದವನ ಸಾಲಕ್ಕೆ ಅವನೇ ಹೊಣೆ. ತಾವು ಕೊಡುತ್ತೇವೆಂದು ಒಪ್ಪಿಕೊಂಡಿರದ ತಂದೆ-ತಾಯಿಯನ್ನು ಒತ್ತಾಯಿಸಲಾಗದು. ಬಾಕಿ ವಸೂಲಿಗೆ ಕಾನೂನಿನಲ್ಲಿ ಮೂರು ವರ್ಷದ ಅವಧಿಯಿದೆಯಾದರೂ ರೊಟ್ಟಿ ಊಟದ ಬಾಕಿಗೆ ನ್ಯಾಯಾಲಯದ ಮೆಟ್ಟಿಲು ಹತ್ತುವುದು ನಿಮಗೆ ಗಿಟ್ಟುವುದಿಲ್ಲ. ಪರೀಕ್ಷೆಯ ವೇಳಾಪಟ್ಟಿ ಬಂದ ಕೂಡಲೇ ಲೆಕ್ಕದ ಪುಸ್ತಕ ತೋರಿಸಿ, ಬಾಕಿಯ ಮೊತ್ತದ ಕೆಳಗೆ ಹುಡುಗನ ಸಹಿ ಪಡೆಯಿರಿ, ಅಲ್ಲಿಂದ ಮುಂದೆ ವಾರದ ಹಣವನ್ನು ಮುಂಗಡವಾಗಿ ತೆಗೆದುಕೊಳ್ಳಿ. ನಿಜವಾಗಿಯೂ ಕೈಯಲ್ಲಿ ಹಣವಿಲ್ಲದ ಹುಡುಗನಿಗೆ ಪರೀಕ್ಷೆಯ ದಿನಗಳಲ್ಲಿ ಊಟ ನಿಲ್ಲಿಸಬೇಡಿ. ಕಂತಿನಲ್ಲಿ ಕೊಡುವಂತೆ ಹೇಳಿ, ನಿಮ್ಮ ಫೋನ್‌ಪೇ ಸಂಖ್ಯೆಯನ್ನು ಅವನಿಗೆ ಬರೆದುಕೊಡಿ.