ಸೂಕ್ತಿಗಳ ನಡುವೆ ಸೆನೆಕಾ ಕಾಣೆ

ನಮಸ್ಕಾರ.

‘ರೋಮನ್ ಜ್ಞಾನಿಗಳು ಕಲಿಸಿದ ಸದ್ಗುಣದ ಬದುಕು’ ಎಂಬ ನಿಮ್ಮ ಹನ್ನೊಂದು ಪುಟಗಳ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಇಷ್ಟನ್ನೇ ಬರೆದು ಕೈತೊಳೆದುಕೊಳ್ಳಬಹುದಿತ್ತು. ಮೂರನೆಯ ಪುಟದ ಒಂದು ವಾಕ್ಯ ಬಿಡಲಿಲ್ಲ.

‘ಹೊರಗಿನ ಗದ್ದಲಕ್ಕೆ ಮನಸ್ಸು ಕೊಡಬಾರದೆಂದು ಸೆನೆಕಾ ತನ್ನ 56ನೆಯ ಪತ್ರದಲ್ಲಿ ಬೋಧಿಸುತ್ತಾನೆ’ ಎಂದು ಬರೆದು ಮುಂದಿನ ಸೂಕ್ತಿಗೆ ಹಾರಿಬಿಟ್ಟಿದ್ದೀರಿ. ಆ ಪತ್ರದಲ್ಲಿ ಏನೇನಿದೆ ನೋಡಿ. ರೋಮಿನ ತತ್ತ್ವಜ್ಞಾನಿ ಸೆನೆಕಾ ಇಳಿದುಕೊಂಡಿರುವುದು ಸಾರ್ವಜನಿಕ ಸ್ನಾನಗೃಹದ ಮೇಲೆ. ಕೆಳಗೆ ಸೀಸದ ಭಾರ ಎತ್ತುವ ಪೈಲ್ವಾನರ ಮುಲುಕಾಟ. ಮೈ ತಿಕ್ಕುವವನ ಕೈ ಬೀಳುವ ಸದ್ದು: ಅಂಗೈ ಚಪ್ಪಟೆಯಾಗಿ ಬಿದ್ದರೆ ಒಂದು ಬಗೆ, ಗುಳಿ ಮಾಡಿ ಹೊಡೆದರೆ ಇನ್ನೊಂದು ಬಗೆ. ಕೊಳಕ್ಕೆ ಧೊಪ್ಪೆಂದು ಹಾರುವವರು, ತಮ್ಮ ದನಿಗೆ ತಾವೇ ಮರುಳಾಗಿ ಹಾಡುವವರು, ತಿಂಡಿ ಮಾರುವವರ ಬಗೆಬಗೆಯ ಕೂಗು. ಕೂದಲು ಕೀಳುವವನಂತೂ ಗಿರಾಕಿಗಾಗಿ ಕೀರಲು ದನಿಯಲ್ಲಿ ಅರಚುತ್ತಲೇ ಇರುತ್ತಾನೆ. ಯಾರದಾದರೂ ಕಂಕುಳು ಕೈಗೆ ಸಿಕ್ಕಾಗ ಮಾತ್ರ ಅವನ ಬಾಯಿ ಮುಚ್ಚುತ್ತದೆ. ಆಗ ಅರಚುವ ಸರದಿ ಗಿರಾಕಿಯದು.

ಇದ್ಯಾವುದೂ ನನ್ನನ್ನು ಕದಲಿಸದು ಎಂದು ಗೆಳೆಯ ಲುಸಿಲಿಯಸ್‌ನಿಗೆ ಸೆನೆಕಾ ಉದ್ದಕ್ಕೂ ವಾದಿಸುತ್ತಾನೆ. ಕೊನೆಗೆ? ಗದ್ದಲವಿಲ್ಲದ ಕಡೆ ಇರುವುದೇ ಸುಖ, ನನ್ನನ್ನು ನಾನು ಪರೀಕ್ಷಿಸಿಕೊಳ್ಳಬೇಕಿತ್ತು ಅಷ್ಟೇ, ಇಲ್ಲಿಂದ ಹೊರಡುತ್ತೇನೆ ಎನ್ನುತ್ತಾನೆ! ತತ್ತ್ವ ಹೇಳಿ ಮುಗಿಸಿ ಗಂಟುಮೂಟೆ ಕಟ್ಟುವ ಈ ಮುದುಕ ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಕಬ್ಬಿನ ರಸ ಚೆಲ್ಲಿ ಸಿಪ್ಪೆಯನ್ನು ಓದುಗರ ಕೈಗಿಟ್ಟಿದ್ದೀರಿ.

ವಿವೇಕ, ನ್ಯಾಯ, ಧೈರ್ಯ, ಸಂಯಮ ಎಂದು ತಲೆಗೊಂದು ಪುಟ ಹಂಚಿದ್ದೂ ಹಾಗೆಯೇ. ಹತ್ತು ಅಂಕದ ಪ್ರಶ್ನೆಗೆ ಬರೆದ ಉತ್ತರದಂತಿದೆ.

ಇನ್ನೊಂದು ಮಾತು, ಸ್ವಲ್ಪ ಖಾರವಾಗಿ ಹೇಳಬೇಕಾದದ್ದು. ಐದನೆಯ ಪುಟದಲ್ಲಿ ಸೆನೆಕಾನನ್ನು ‘ಸರಳ ಜೀವಿ’ ಎಂದಿದ್ದೀರಿ. ತನ್ನ ಶಿಷ್ಯನೂ ರೋಮಿನ ಅರಸನೂ ಆಗಿದ್ದ ನೀರೊನ ಸ್ನೇಹದ ನಾಲ್ಕೇ ವರ್ಷಗಳಲ್ಲಿ 30 ಕೋಟಿ ಸೆಸ್ಟರ್ಸ್ (ರೋಮನ್ ನಾಣ್ಯ) ಗಳಿಸಿದ್ದು ಯಾವ ತತ್ತ್ವಶಾಸ್ತ್ರದಿಂದ ಎಂದು ಅವನ ವೈರಿ ಸುಯಿಲಿಯಸ್ ಹಂಗಿಸಿದ್ದನ್ನು ಇತಿಹಾಸಕಾರ ಟ್ಯಾಸಿಟಸ್ ದಾಖಲಿಸಿದ್ದಾನೆ. ಕ್ರಿ.ಶ. 59ರಲ್ಲಿ ನೀರೊ ಹೆತ್ತ ತಾಯಿಯನ್ನೇ ಕೊಲ್ಲಿಸಿದಾಗ, ಅದನ್ನು ಸಮರ್ಥಿಸಿ ಸೆನೆಟ್‌ಗೆ ಹೋದ ಪತ್ರವನ್ನು ಬರೆದ ಅಪವಾದವೂ ಸೆನೆಕಾನ ಮೇಲೆಯೇ ಬಂತು. ಇದನ್ನು ನೀವು ಮುಚ್ಚಿಟ್ಟರೆ ಓದುಗರು ಎರಡು ನಿಮಿಷದಲ್ಲಿ ಮೊಬೈಲ್‌ನಲ್ಲಿ ಹುಡುಕಿಕೊಳ್ಳುತ್ತಾರೆ, ಆಮೇಲೆ ನಿಮ್ಮ ಒಂದು ಮಾತನ್ನೂ ನಂಬುವುದಿಲ್ಲ. ಬಿಚ್ಚಿ ಹೇಳಿದರೆ ಪತ್ರಗಳಿಗೇ ತೂಕ ಬರುತ್ತದೆ. ನಮಗೆ ಸಿಕ್ಕಿರುವ 124 ಪತ್ರಗಳನ್ನು ಅವನು ಬರೆದದ್ದು ಅರಮನೆಯಿಂದ ಹಿಂದೆ ಸರಿದ ಕೊನೆಯ ವರ್ಷಗಳಲ್ಲಿ. ಕ್ರಿ.ಶ. 65ರಲ್ಲಿ ಅದೇ ಶಿಷ್ಯನಿಂದ ಸಾಯುವ ಆಜ್ಞೆ ಬಂತು. ನೆಮ್ಮದಿಯ ಬಗ್ಗೆ ಬರೆಯುತ್ತಿದ್ದವನಿಗೆ ನೆಮ್ಮದಿ ಎಷ್ಟು ದುಬಾರಿಯಾಗಿತ್ತು ಎನ್ನುವುದು ಆಗ ತಿಳಿಯುತ್ತದೆ.

ಸಣ್ಣ ತಪ್ಪುಗಳೂ ಇವೆ. ರೋಮನ್ ಅರಸ ಮಾರ್ಕಸ್ ಅರೇಲಿಯಸ್ ಟಿಪ್ಪಣಿ ಬರೆದುಕೊಂಡದ್ದು ಲ್ಯಾಟಿನ್‌ನಲ್ಲಿ ಅಲ್ಲ, ಗ್ರೀಕ್‌ನಲ್ಲಿ. ತತ್ತ್ವಜ್ಞಾನಿ ಎಪಿಕ್ಟೆಟಸ್ ಪುಸ್ತಕ ಬರೆಯಲಿಲ್ಲ. ನಮಗೆ ಸಿಕ್ಕಿರುವುದು ಶಿಷ್ಯ ಏರಿಯನ್ ಬರೆದಿಟ್ಟದ್ದು. ಯಾವ ಗ್ರಂಥದ ಎಷ್ಟನೆಯ ಭಾಗವೆಂದು ತೋರಿಸಲಾಗದ ಉದ್ಧರಣೆಗಳನ್ನೆಲ್ಲ ಹೊಡೆದುಹಾಕಿ. ‘ಇದನ್ನೇ ನಮ್ಮ ಬಸವಣ್ಣನವರೂ ಹೇಳಿದ್ದಾರೆ’ ಎಂಬ ಕೊನೆಯ ಪ್ಯಾರಾ ಇಬ್ಬರಿಗೂ ಅನ್ಯಾಯ, ಅದನ್ನೂ ತೆಗೆಯಿರಿ.

ಹಸ್ತಪ್ರತಿ ಮರಳಿಸುತ್ತಿದ್ದೇನೆ. ಮೂರನೆಯ ಪುಟದ ಅಂಚಿನಲ್ಲಿ ಪೆನ್ಸಿಲ್ ಗುರುತು ಹಾಕಿದ್ದೇನೆ, ಅಲ್ಲಿಂದ ಶುರುಮಾಡಿ. ಒಂದೇ ಪತ್ರ ಸಾಕು, ನಾಲ್ಕು ಪುಟ ಮೀರದಿರಲಿ. ಕೂದಲು ಕೀಳುವವನಿಗೆ ಬೇಕಾದರೆ ಅರ್ಧ ಪುಟ ಹೆಚ್ಚು ಕೊಡಿ, ನನ್ನ ತಕರಾರಿಲ್ಲ.