ಊಟಿ ರೈಲು: ಮೊದಲು ಟಿಕೆಟ್, ಆಮೇಲೆ ಹೋಟೆಲ್

ನೀಲಗಿರಿ ಬೆಟ್ಟದ ರೈಲಿನ ಬಗ್ಗೆ ಈ ಸಲ ತುಂಬ ಪತ್ರಗಳು ಬಂದಿವೆ. ಕೆಲವಕ್ಕೆ ಇಲ್ಲಿ ಉತ್ತರ.

ಪ್ರಶ್ನೆ: ಕಾರಿನಲ್ಲಿ ಊಟಿಗೆ ಹೋಗುತ್ತಿದ್ದೇವೆ. ಹೋಟೆಲ್ ಬುಕ್ ಆಗಿದೆ. ಅಲ್ಲಿಗೆ ಹೋದ ಮೇಲೆ ಒಂದು ದಿನ ಊಟಿಯಿಂದ ಕೂನೂರಿಗೆ ರೈಲಲ್ಲಿ ಹೋಗಿ ಬಂದರೆ ಸಾಕಲ್ವಾ? – ತುಮಕೂರಿನ ಓದುಗರು

ಹೋಗಿಬನ್ನಿ, ಬೇಡ ಅನ್ನಲ್ಲ. ಆದರೆ ಅದು ಈ ರೈಲಿನ ಬಾಲ ಅಷ್ಟೇ. ಬೆಟ್ಟದ ಬುಡದ ಮೆಟ್ಟುಪಾಳಯದಿಂದ ಊಟಿಗೆ ಒಟ್ಟು 46 ಕಿ.ಮೀ. ಹಾದಿ. ಅದರಲ್ಲಿ ನಿಜವಾದ ಮಜಾ ಇರುವುದು ಕೆಳಗೆ, ಕಲ್ಲಾರ್ ಸ್ಟೇಷನ್ನಿನಿಂದ ಕೂನೂರಿನವರೆಗಿನ ಸುಮಾರು 20 ಕಿ.ಮೀ.ಯಲ್ಲಿ. ಅಲ್ಲಿ ಏರು ಎಷ್ಟು ಕಡಿದಾಗಿದೆ ಅಂದರೆ ಹನ್ನೆರಡು ಅಡಿ ಮುಂದೆ ಹೋದರೆ ಹತ್ತಿರ ಹತ್ತಿರ ಒಂದು ಅಡಿ ಮೇಲೆ ಹತ್ತಿರುತ್ತೀರಿ. ಮಾಮೂಲಿ ರೈಲಿನ ಚಕ್ರ ಅಲ್ಲಿ ಜಾರುತ್ತದೆ. ಅದಕ್ಕೇ ಎರಡು ಹಳಿಗಳ ನಡುವೆ ಹಲ್ಲು ಹಲ್ಲಾಗಿರುವ ಕಬ್ಬಿಣದ ಪಟ್ಟಿ ಹಾಕಿದ್ದಾರೆ. ಒಂದಲ್ಲ, ಜೋಡಿ ಪಟ್ಟಿ. ಒಂದರ ಹಲ್ಲು ಇನ್ನೊಂದರ ಸಂದಿಗೆ ಎದುರಾಗಿ ಬರುವ ಹಾಗೆ ಕೂರಿಸಿದ್ದಾರೆ. ಎಂಜಿನ್ನಿನ ಹೊಟ್ಟೆಯಡಿ ಇರುವ ಹಲ್ಲಿನ ಚಕ್ರ ಇದನ್ನು ಕಚ್ಚಿಕೊಂಡು ಹತ್ತುತ್ತದೆ, ಯಾವ ಗಳಿಗೆಯಲ್ಲೂ ಹಿಡಿತ ತಪ್ಪುವುದಿಲ್ಲ. ವೇಗ ಗಂಟೆಗೆ 13 ಕಿ.ಮೀ. ಆಸುಪಾಸು. ಕಟ್-ಕಟ್ ಅಂತ ಆ ಹಲ್ಲಿನ ಸದ್ದು ಕೂತಲ್ಲಿಗೇ ಕೇಳಿಸುತ್ತದೆ.

ಇನ್ನೊಂದು ವಿಷಯ. ಹತ್ತುವಾಗ ಎಂಜಿನ್ ಮುಂದೆ ಇರುವುದಿಲ್ಲ, ಹಿಂದಿನಿಂದ ತಳ್ಳುತ್ತದೆ. ಹಾಗಾಗಿ ಮುಂದಿನ ಬೋಗಿಯಲ್ಲಿ ಸೀಟು ಸಿಕ್ಕವರಿಗೆ ಎದುರಿನ ಹಳಿ, ಸುರಂಗದ ಬಾಯಿ ಎಲ್ಲ ನೇರ ಕಾಣುತ್ತದೆ. ಹಬೆ ಎಂಜಿನ್ ಇರುವುದೂ ಕೂನೂರಿನವರೆಗೆ ಮಾತ್ರ. ಅಲ್ಲಿಂದ ಊಟಿಗೆ ಡೀಸೆಲ್, ಹಲ್ಲುಪಟ್ಟಿಯೂ ಇಲ್ಲ. 1899ರಲ್ಲಿ ಕೂನೂರಿನವರೆಗೆ ರೈಲು ಬಂತು. ಊಟಿ ಮುಟ್ಟಿದ್ದು 1908ರಲ್ಲಿ. 2005ರಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಈಗ ನಿಮ್ಮ ಕಾರಿನ ಕಥೆ. ಕಾರು ಊಟಿಯಲ್ಲೇ ಇರಲಿ. ಮಧ್ಯಾಹ್ನ 2ಕ್ಕೆ ಊಟಿಯಿಂದ ಹೊರಡುವ ರೈಲು ಹಿಡಿದು ಮೆಟ್ಟುಪಾಳಯಕ್ಕೆ ಇಳಿಯಿರಿ, ಮೂರೂವರೆ ಗಂಟೆ ಹಿಡಿಯುತ್ತದೆ, ಆಮೇಲೆ ಬಸ್ಸಿನಲ್ಲಿ ಘಾಟಿ ಹತ್ತಿ ವಾಪಸ್ ಬನ್ನಿ. ಸುಸ್ತಾಗುತ್ತದೆ, ಆದರೂ ಆಗಬಹುದು. ಅಂದಹಾಗೆ, ನೀಲಗಿರಿಗೆ ಹೋಗುವ ಹೊರಗಿನ ವಾಹನಗಳಿಗೆ 2024ರ ಮೇ ತಿಂಗಳಿಂದ ಇ-ಪಾಸ್ ಬೇಕು, ಮರೆಯಬೇಡಿ.

ಪ್ರಶ್ನೆ: ಬೆಂಗಳೂರಿನಿಂದ ಹೋಗಿ ಬೆಳಗಿನ ರೈಲು ಹಿಡಿಯುವುದು ಹೇಗೆ? ಟಿಕೆಟ್ ಹುಡುಕಿದರೆ ಊಟಿ ಅನ್ನೋ ಸ್ಟೇಷನ್ನೇ ಕಾಣುತ್ತಿಲ್ಲ. – ಬೆಂಗಳೂರಿನ ಓದುಗರು

ರೈಲ್ವೆಯವರ ಲೆಕ್ಕದಲ್ಲಿ ಅದು ಉದಗಮಂಡಲಂ. ಕೋಡ್ ಯುಎಎಂ. ಮೆಟ್ಟುಪಾಳಯದ್ದು ಎಂಟಿಪಿ. ಬುಕಿಂಗ್ 60 ದಿನ ಮೊದಲು ತೆರೆಯುತ್ತದೆ. ರೈಲು ಸಣ್ಣದು, ಬೋಗಿಗಳು ನಾಲ್ಕೈದು, ರಜೆ ದಿನಗಳ ಟಿಕೆಟ್ ನೋಡ್ತಾ ನೋಡ್ತಾ ಖಾಲಿ. ನಮ್ಮವರು ಮಾಡುವುದು ಉಲ್ಟಾ: ಮೊದಲು ಹೋಟೆಲ್ಲು, ಆಮೇಲೆ ಕಾರು, ಹೊರಡುವ ಹಿಂದಿನ ವಾರ ರೈಲು. ಟಿಕೆಟ್ ಸಿಕ್ಕ ದಿನದ ಸುತ್ತ ಉಳಿದದ್ದನ್ನು ಜೋಡಿಸಿಕೊಳ್ಳಿ.

ಬೆಳಗಿನ ರೈಲು ಮೆಟ್ಟುಪಾಳಯ ಬಿಡುವುದು 7 ಗಂಟೆ ಕಳೆದ ಸ್ವಲ್ಪ ಹೊತ್ತಿಗೆ. ಊಟಿ ಮುಟ್ಟುವಾಗ ಮಧ್ಯಾಹ್ನ. ಚೆನ್ನೈಯವರಿಗೆ ನೀಲಗಿರಿ ಎಕ್ಸ್‌ಪ್ರೆಸ್ ಇದೆ, ರಾತ್ರಿ ಮಲಗಿದರೆ ಬೆಳಗ್ಗೆ ನೇರ ಮೆಟ್ಟುಪಾಳಯ. ನಮಗೆ ಆ ಸುಖ ಇಲ್ಲ. ರಾತ್ರಿ ರೈಲಲ್ಲಿ ಕೊಯಮತ್ತೂರಿಗೆ ಹೋಗಿ, ಅಲ್ಲಿಂದ 35 ಕಿ.ಮೀ. ಓಡಿ ಇದನ್ನು ಹಿಡಿಯುತ್ತೇನೆ ಅಂದರೆ, ಮೊದಲ ರೈಲು ಅರ್ಧ ಗಂಟೆ ತಡವಾದರೂ ಎದೆ ಢವಢವ. ಸುಮ್ನೆ ಹಿಂದಿನ ದಿನ ಹಗಲೇ ಹೋಗಿ ಮೆಟ್ಟುಪಾಳಯದಲ್ಲಿ ಉಳಿದುಕೊಳ್ಳಿ. ಊರಲ್ಲಿ ನೋಡೋಕೆ ಅಂಥದ್ದೇನಿಲ್ಲ, ನಿದ್ದೆ ಮಾಡಿ.

ಮೈಸೂರಿನ ಕಡೆಯವರಿಗೆ ನನ್ನ ಸಲಹೆ ಬೇರೆ. ಹಗಲು ಬಸ್ಸಲ್ಲಿ ಊಟಿಗೆ ಹೋಗಿ (ಬಂಡೀಪುರದ ರಸ್ತೆ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಬಂದ್), ಎರಡು ದಿನ ಇದ್ದು, ರೈಲಲ್ಲಿ ಇಳಿದು, ಕೊಯಮತ್ತೂರಿಂದ ಊರಿಗೆ ಬನ್ನಿ. ಬಂದ ದಾರಿಯಲ್ಲೇ ವಾಪಸ್ ಹೋಗುವ ಬೇಜಾರು ಇಲ್ಲ.

ಪ್ರಶ್ನೆ: ಮಳೆ ಮುಗಿದ ಮೇಲೆ, ಅಕ್ಟೋಬರ್ ಕೊನೆಗೋ ನವೆಂಬರಿಗೋ ಹೋದರೆ ಹಸಿರು ಚೆನ್ನಾಗಿರುತ್ತಲ್ಲ? – ಶಿವಮೊಗ್ಗದ ಓದುಗರು

ಮಲೆನಾಡಿನವರ ಲೆಕ್ಕ ಅಲ್ಲಿ ತಲೆಕೆಳಗು. ರೈಲು ಹತ್ತುವುದು ನೀಲಗಿರಿಯ ಪೂರ್ವದ ಇಳಿಜಾರಿನಲ್ಲಿ. ನಮ್ಮ ಮುಂಗಾರು ಅಲ್ಲಿಗೆ ಅಷ್ಟಾಗಿ ತಟ್ಟುವುದಿಲ್ಲ, ಅಲ್ಲಿ ಜಡಿಯುವುದು ಹಿಂಗಾರು. ನೀವು ಹೇಳುವ ಅಕ್ಟೋಬರ್, ನವೆಂಬರಿನಲ್ಲೇ ಗುಡ್ಡ ಕುಸಿದು ಹಳಿ ಮೇಲೆ ಮಣ್ಣು, ಬಂಡೆ ಬೀಳುತ್ತದೆ, ರೈಲು ದಿನಗಟ್ಟಲೆ ರದ್ದಾಗುತ್ತದೆ. ಟಿಕೆಟ್ ದುಡ್ಡೇನೋ ವಾಪಸ್ ಬರುತ್ತದೆ, ಹಾಕಿದ ರಜೆ ಬರಲ್ಲ. ಜನವರಿಯಿಂದ ಮಾರ್ಚ್ ಒಳ್ಳೆಯದು. ಊಟಿಯಲ್ಲಿ ಚಳಿ ಜಾಸ್ತಿ, ಆದರೆ ಆಕಾಶ ತಿಳಿಯಾಗಿರುತ್ತದೆ. ಏಪ್ರಿಲ್, ಮೇನಲ್ಲಿ ಜನಜಾತ್ರೆ.

ಪ್ರಶ್ನೆ: ಅಮ್ಮನಿಗೆ 72 ವರ್ಷ, ಮಂಡಿ ನೋವು, ಸಕ್ಕರೆ ಕಾಯಿಲೆ. ಐದು ಗಂಟೆ ಕೂರಬಲ್ಲರಾ? – ದಾವಣಗೆರೆಯ ಓದುಗರು

ಕೂರುವುದಕ್ಕಿಂತ ದೊಡ್ಡ ತೊಂದರೆ ಬೇರೆ ಇದೆ: ಬೋಗಿಯಲ್ಲಿ ಶೌಚಾಲಯ ಇಲ್ಲ. ಎಂಜಿನ್ ನೀರು ಕುಡಿಯಲು ಹಿಲ್‌ಗ್ರೋವ್‌ನಲ್ಲಿ ನಿಲ್ಲುತ್ತದೆ, ಆಮೇಲೆ ಕೂನೂರಿನಲ್ಲಿ ಸ್ವಲ್ಪ ಹೊತ್ತು. ಅಲ್ಲೇ ಇಳಿದು ಮುಗಿಸಿಕೊಳ್ಳಬೇಕು. ಹಿಲ್‌ಗ್ರೋವ್‌ನಲ್ಲಿ ಕೈಯಲ್ಲಿ ವಡೆ ಹಿಡಿದು ಫೋಟೊಗೆ ನಿಂತರೆ ವಡೆ ಕೋತಿಗೆ. ಸೀಟುಗಳೂ ಇಕ್ಕಟ್ಟು, ಕಾಲು ಚಾಚೋಕೆ ಆಗಲ್ಲ.

ಅಮ್ಮನಿಗಾದರೆ ನಾನು ಊಟಿ-ಕೂನೂರು ಓಡಾಟವನ್ನೇ ಹೇಳುತ್ತೇನೆ. ಸುಮಾರು 18 ಕಿ.ಮೀ., ಒಂದು ಗಂಟೆ ಚಿಲ್ಲರೆ. ಲವ್‌ಡೇಲ್ ದಾಟಿ ಕೇತಿ ಕಣಿವೆ ಬಂದಾಗ ಕ್ಯಾರೆಟ್ ಹೊಲ, ಬಡಗರ ಹಟ್ಟಿಗಳು ಕಾಣುತ್ತವೆ. ಬಡಗರು ನೀಲಗಿರಿಯ ಮೂಲದ ಜನ, ಅವರ ಮಾತು ಕನ್ನಡಕ್ಕೆ ಹತ್ತಿರ. ಪಕ್ಕದಲ್ಲಿ ಬಡಗ ಅಜ್ಜಿ ಯಾರಾದರೂ ಕೂತಿದ್ದರೆ ಅಮ್ಮ ಮಾತಾಡಿಸಲಿ, ಎಷ್ಟೋ ಮಾತು ಅರ್ಥವಾಗುತ್ತದೆ.

ಇಲ್ಲವಾದರೆ ಊಟಿಯೇ ಬೇಡ, ನಮ್ಮ ಸಕಲೇಶಪುರ-ಸುಬ್ರಹ್ಮಣ್ಯ ಘಾಟಿಗೆ ಕರೆದುಕೊಂಡು ಹೋಗಿ. ಸುಮಾರು 55 ಕಿ.ಮೀ.ಯಲ್ಲಿ 57 ಸುರಂಗ. ದೊಡ್ಡ ರೈಲು, ಶೌಚಾಲಯ ಇದೆ. ಬೆಂಗಳೂರು-ಮಂಗಳೂರು ಹಗಲು ರೈಲಿಗೆ 2021ರಲ್ಲಿ ವಿಸ್ಟಾಡೋಮ್ ಬೋಗಿಯನ್ನೂ ಸೇರಿಸಿದರು, ಗಾಜಿನ ಸೂರು, ತಿರುಗುವ ಕುರ್ಚಿ, ಒಂದು ಬೋಗಿಗೆ 44 ಸೀಟು. ಹಗಲು ರೈಲೇ ಆಗಬೇಕು, ರಾತ್ರಿಯದ್ದರಲ್ಲಿ ಕತ್ತಲೆ ಬಿಟ್ಟು ಬೇರೇನೂ ಕಾಣಲ್ಲ. ಓಡುವ ದಿನ ನೋಡಿಕೊಂಡು ಬುಕ್ ಮಾಡಿ. ಅಲ್ಲಿಗೆ ಮಳೆಗಾಲವೇ ಸರಿ, ಆದರೆ ಆಷಾಢದ ಜಡಿಮಳೆಯಲ್ಲಿ ಅಲ್ಲೂ ಗುಡ್ಡ ಕುಸಿಯುತ್ತದೆ. ಆಗಸ್ಟ್ ಕೊನೆ, ಸೆಪ್ಟೆಂಬರ್ ನೋಡಿ.

ಪ್ರಶ್ನೆ: ವೇಟಿಂಗ್ ಲಿಸ್ಟಿನಲ್ಲಿದ್ದೇವೆ. ಹೋಗಿ ನೋಡೋಣವಾ? – ಹುಬ್ಬಳ್ಳಿಯ ಓದುಗರು

ಅಷ್ಟು ದೂರದಿಂದ ಅದೃಷ್ಟ ನಂಬಿ ಬರಬೇಡಿ. ರಿಸರ್ವೇಶನ್ ಇಲ್ಲದ ಸೀಟು ಕೆಲವು ಇರುತ್ತವೆ, ಅದಕ್ಕೆ ನಸುಕಿಗೇ ಮೆಟ್ಟುಪಾಳಯದಲ್ಲಿ ಸಾಲು ಹಚ್ಚಬೇಕು. ಒಬ್ಬರೇ ಆದರೆ ಪ್ರಯತ್ನಿಸಿ. ಮಕ್ಕಳು ಮರಿ ಜೊತೆಗಿದ್ದರೆ ದಿನವನ್ನೇ ಬದಲಾಯಿಸಿ. ವಾರದ ನಡುವೆ, ಮಂಗಳವಾರ ಬುಧವಾರದ ಕಡೆ ಹುಡುಕಿ ನೋಡಿ.